ಕೂಡಿ ಆಡುವ ದ್ವೀಪಗಳು

ಆಸ್ಟ್ರೇಲಿಯಾದ ಉತ್ತರಕ್ಕಿರುವ ದ್ವೀಪದೇಶ ಪಾಪುವಾ ನ್ಯೂಗಿನಿಯ ಅಬಿಗೈಲ್ ತೇರೆ-ಅಪಿಸಾ ಮಹಿಳೆಯರ ಟೆನಿಸ್ ಸಿಂಗಲ್ಸ್ ವಿಶ್ವ ರ‍್ಯಾಂಕಿಂಗ್‌ನಲ್ಲಿ ಮೊದಲ 300ರೊಳಗೆ ಬಂದವರು ಎಂದು ಬ್ರಿಸ್ಬೇನ್‌ನ ನಮ್ಮ ಕನ್ನಡಿಗರ ನಡುವೆ ಹೇಳಿದರೆ, ಸ್ವಂತ ಮಕ್ಕಳನ್ನು ಟೆನಿಸ್ ತರಬೇತಿಗೆ ಕಳಿಸುವ ತಂದೆತಾಯಿಯರೂ "ವಿಂಬಲ್ಡನ್ ಆಡಿದ್ದಾರಾ?" ಎಂದಷ್ಟೇ ಕೇಳಿ ಸುಮ್ಮನಾಗುತ್ತಾರೆ. ಆ ಅಳತೆಗೋಲೇ ಸರಿಯಿಲ್ಲ ಎಂಬುದು ನನ್ನ ಅಭಿಪ್ರಾಯ.

ಪಾಪುವಾ ನ್ಯೂಗಿನಿಯ ರಾಜಧಾನಿ ಪೋರ್ಟ್ ಮೋರ್ಸ್‌ಬಿಯಿಂದ ದೇಶದ ಎರಡನೆಯ ದೊಡ್ಡ ನಗರವಾದ 'ಲೇ'ಗೆ ಇಂದಿಗೂ ರಸ್ತೆ ಸಂಪರ್ಕವಿಲ್ಲ. ಜನರ ಜೀವವಿರುವುದು ರಗ್ಬಿ ಲೀಗ್‌ನಲ್ಲಿ. ಅಂಥ ನಾಡಿನ ಆಟಗಾರ್ತಿಯೊಬ್ಬರು ರ‍್ಯಾಂಕಿಂಗ್ ಅಂಕ ಗಳಿಸಬೇಕೆಂದರೆ ಬಹುಪಾಲು ಸಮುದ್ರ ದಾಟಿಯೇ ಹೋಗಬೇಕು. ಕೆಳಹಂತದ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಶನ್) ಟೂರ್ನಿಯ ಒಟ್ಟು ಬಹುಮಾನ 15,000 ಡಾಲರ್. ಗೆದ್ದವರಿಗೆ ಎರಡು ಸಾವಿರ ಡಾಲರ್ ಚಿಲ್ಲರೆ ಸಿಕ್ಕರೆ, ಮೊದಲ ಸುತ್ತಿನಲ್ಲೇ ಸೋತವರ ಕೈಗೆ ಇನ್ನೂರು ಡಾಲರ್ ಕೂಡ ಬರುವುದಿಲ್ಲ. ಇಲ್ಲಿ ಕ್ವೀನ್ಸ್‌ಲ್ಯಾಂಡ್‌ನಲ್ಲಿ ನಡೆಯುವ ಇಂಥ ಸಣ್ಣ ಟೂರ್ನಿಗಳನ್ನು ನಾನು ನೋಡಿದ್ದೇನೆ. ಆಟಗಾರ್ತಿಯರೇ ಬೇಲಿಯವರೆಗೆ ನಡೆದು ಚೆಂಡು ಹೆಕ್ಕಿಕೊಳ್ಳುತ್ತಾರೆ. ನೋಡಲು ಕೂತ ಬೆರಳೆಣಿಕೆಯ ಜನರಲ್ಲಿ ಅರ್ಧದಷ್ಟು ಮಂದಿ ಮುಂದಿನ ಪಂದ್ಯಕ್ಕೆ ಕಾಯುತ್ತಿರುವ ಆಟಗಾರ್ತಿಯರೇ. ವಿಮಾನದ ಟಿಕೆಟ್ಟು, ಕೋಣೆ, ಊಟ, ರ‍್ಯಾಕೆಟ್ಟಿನ ತಂತಿ ಎಲ್ಲವನ್ನೂ ಲೆಕ್ಕ ಹಾಕಿದರೆ ಸೋತ ವಾರವೆಂದರೆ ಕೈಯಿಂದಲೇ ದುಡ್ಡು ಹಾಕಿದ ವಾರ.

ಅಬಿಗೈಲ್ ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಆಡುತ್ತಲೇ ಓದಿದರು. 2015ರಲ್ಲಿ ತಮ್ಮದೇ ಪೋರ್ಟ್ ಮೋರ್ಸ್‌ಬಿಯಲ್ಲಿ ನಡೆದ ಪೆಸಿಫಿಕ್ ಕ್ರೀಡಾಕೂಟದಲ್ಲಿ ಸಿಂಗಲ್ಸ್ ಚಿನ್ನ ಗೆದ್ದರು. ಆ ಕೂಟದಲ್ಲಿ ಫಿಜಿ, ಸಮೋವಾ, ವನುವಾಟು, ಕುಕ್ ದ್ವೀಪಗಳು ಪರಸ್ಪರ ಎದುರಾಳಿಗಳು. ಅದೇ ದ್ವೀಪಗಳು ದೇಶಗಳ ತಂಡಗಳು ಆಡುವ ಪುರುಷರ ಡೇವಿಸ್ ಕಪ್ ಮತ್ತು ಮಹಿಳೆಯರ ಬಿಲ್ಲಿ ಜೀನ್ ಕಿಂಗ್ ಕಪ್‌ಗೆ ಬಂದಾಗ ಪೆಸಿಫಿಕ್ ಓಷಿಯಾನಿಯಾ ಎಂಬ ಒಂದೇ ತಂಡವಾಗಿ ಕಣಕ್ಕಿಳಿಯುತ್ತವೆ. ಒಂದೊಂದು ದ್ವೀಪಕ್ಕೂ ಸ್ವಂತ ತಂಡ ಕಟ್ಟುವಷ್ಟು ಆಟಗಾರರೂ ಇಲ್ಲ, ಹಣವೂ ಇಲ್ಲ. ಆ ಕೊರತೆಯನ್ನು ಮುಚ್ಚಿಡದೆ ಕೂಡಿ ಆಡುವ ದಾರಿ ಕಂಡುಕೊಂಡದ್ದು ನನಗೆ ಬಹಳ ದೊಡ್ಡ ವಿವೇಕವಾಗಿ ಕಾಣುತ್ತದೆ. ಬ್ರಿಟಿಷರ ಕಾಲದ ಗಿರಮಿಟ್ ಎಂಬ ಕೂಲಿ ಒಪ್ಪಂದದಲ್ಲಿ ಹೋದ ಭಾರತೀಯರ ದುಡಿಮೆಯಿಂದ ಬೆಳೆದ ಸಕ್ಕರೆಯ ಪಟ್ಟಣ, ಫಿಜಿಯ ಲೌಟೋಕಾದಲ್ಲಿ, ಈ ದ್ವೀಪಗಳ ಮಕ್ಕಳಿಗಾಗಿ ಪ್ರಾದೇಶಿಕ ತರಬೇತಿ ಕೇಂದ್ರ ನಡೆದುಬಂದದ್ದೂ ಇದೇ ವಿವೇಕದಿಂದ.

ನಮ್ಮ ರೀತಿ ಬೇರೆ. ನಮ್ಮಲ್ಲಿ ಮಗುವಿನ ಟೆನಿಸ್ ಎಂದರೆ ಒಂದು ಮನೆಯ ಹೊರೆ. ಅಪ್ಪ ಸಾಲ ಮಾಡುತ್ತಾನೆ, ಅಮ್ಮ ಮಗುವಿನೊಂದಿಗೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿಯುತ್ತಾಳೆ. ಪಕ್ಕದ ಜಿಲ್ಲೆಯ ಇನ್ನೊಂದು ಮನೆಯವರೂ ಪ್ರತ್ಯೇಕವಾಗಿ ಅದನ್ನೇ ಮಾಡುತ್ತಿರುತ್ತಾರೆ. 2024ರಲ್ಲಿ ನಲವತ್ತಮೂರರ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ಅಗ್ರಸ್ಥಾನಕ್ಕೇರಿದ ರೋಹನ್ ಬೋಪಣ್ಣ ಅವರೂ ತರಬೇತಿಗಾಗಿ ಚಿಕ್ಕಂದಿನಲ್ಲೇ ಕೊಡಗು ಬಿಡಬೇಕಾಯಿತು. ಅವರ ಬಗ್ಗೆ ನನಗಿರುವ ಹೆಮ್ಮೆ ಅಪಾರ. ಆದರೆ ಅಷ್ಟು ಖರ್ಚು ತಾಳಲಾರದೆ ನಡುವೆಯೇ ಆಟ ಬಿಟ್ಟ ಮಕ್ಕಳ ಲೆಕ್ಕ ನಮ್ಮಲ್ಲಿ ಯಾರೂ ಇಡುವುದಿಲ್ಲ.

ದ್ವೀಪದವರಿಗಿಲ್ಲದ ಒಂದು ಅನುಕೂಲ ಕರ್ನಾಟಕಕ್ಕಿದೆ. 2023ರಲ್ಲಿ ಧಾರವಾಡದಲ್ಲೂ ಕಲಬುರಗಿಯಲ್ಲೂ ಪುರುಷರ ಐಟಿಎಫ್ ಟೂರ್ನಿಗಳು ನಡೆದವು. ಎಂದರೆ ಉತ್ತರ ಕರ್ನಾಟಕದ ಹುಡುಗನೊಬ್ಬ ರೈಲಿನಲ್ಲಿ ಹೋಗಿ ಅಂತರರಾಷ್ಟ್ರೀಯ ಅಂಕಕ್ಕಾಗಿ ಆಡಬಹುದು. ಟೂರ್ನಿ ಮುಗಿದ ಮೇಲೂ ಆ ಕೋರ್ಟುಗಳಿಂದ ಸುತ್ತಲಿನ ಜಿಲ್ಲೆಗಳ ಮಕ್ಕಳಿಗೆ ಪ್ರಯೋಜನವಾಗಬೇಕಾದರೆ ಒಂದು ವಸತಿನಿಲಯ, ಹಾಜರಾತಿಯಲ್ಲಿ ವಿನಾಯಿತಿ ಕೊಡುವ ಒಂದು ಶಾಲೆ, ಮಕ್ಕಳನ್ನು ಗುಂಪಾಗಿ ಟೂರ್ನಿಗಳಿಗೆ ಕರೆದೊಯ್ಯುವ ಒಬ್ಬ ಕೋಚ್ ಬೇಕು. ಹೊರನಾಡ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಖರ್ಚು ಮಾಡುವ ಹಣದಲ್ಲಿ ಒಂದು ಪಾಲನ್ನು ಇದಕ್ಕಾಗಿ ತೆಗೆದಿಡಬಹುದು. ನಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ಪ್ರಸ್ತಾಪವನ್ನು ನಾನೇ ಮುಂದಿಡಲಿದ್ದೇನೆ.