ಒಂದೇ ಆಕಾಶ, ಮೂರು ಒಲೆ

ಮೂರೂ ಸೇನೆಗಳು ಸೇರಿ ಸಮರಾಭ್ಯಾಸ ಮಾಡಿದ ವಿಡಿಯೊ ಮತ್ತೊಂದು ಬಂದಿದೆ. ನಿಮಗೂ ಬಂದಿರುತ್ತೆ. ನಗಾರಿ ಸದ್ದು, ನಿಧಾನಕ್ಕೆ ಏಳುವ ಧೂಳು, ಧೂಳಿನಲ್ಲೊಂದು ಟ್ಯಾಂಕು, ಟ್ಯಾಂಕಿನ ಮೇಲೆ ಹೆಲಿಕಾಪ್ಟರು, ಅದರ ಮೇಲೆ ಯುದ್ಧವಿಮಾನ, ಕೊನೆಗೆ ಸಮುದ್ರದಲ್ಲೊಂದು ಹಡಗು. ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೆ ಬೆಳಗ್ಗೆ ಆರಕ್ಕೇ ಬಿತ್ತು. ಏಳರೊಳಗೆ ಹದಿನೇಳು ಜನ ಕೈ ಮುಗಿದಿದ್ದರು. ನೀರಿನ ಟ್ಯಾಂಕರ್ ಎಲ್ಲಿ ಅಂತ ಕೇಳಿದ್ದ ಮೂರನೇ ಮಹಡಿಯವರ ಮೆಸೇಜು ಅಷ್ಟೂ ಕೈಗಳ ನಡುವೆ ಎಲ್ಲಿ ಕಳೆದುಹೋಯಿತೋ ಗೊತ್ತಿಲ್ಲ.

ನಾನೂ ಕೈ ಮುಗಿದೆ. ಸುಮ್ನೆ ಯಾಕೆ ನಿಷ್ಠುರ.

ಈ ವಿಡಿಯೊಗಳಲ್ಲಿ ನನಗೆ ತುಂಬಾ ಇಷ್ಟವಾಗೋದು ಹೆಸರುಗಳು. ವಾಯುಶಕ್ತಿ, ಗಗನಶಕ್ತಿ, ತರಂಗಶಕ್ತಿ, ಭಾರತಶಕ್ತಿ. 2025ರ ನವೆಂಬರ್‌ನಲ್ಲಿ ಮಾತ್ರ ಯಾರೋ ಶಕ್ತಿ ಬಿಟ್ಟು ‘ತ್ರಿಶೂಲ’ ಅಂದರು. ಮೂರು ಸೇನೆ, ಮೂರು ಮೊನೆ, ಲೆಕ್ಕ ಸರಿಯಾಗಿದೆ. ಆದರೆ ತ್ರಿಶೂಲಕ್ಕೆ ಮೊನೆ ಮೂರಿದ್ದರೂ ಹಿಡಿ ಒಂದೇ. ಅದನ್ನು ಯಾರ ಕೈಗೆ ಕೊಡಬೇಕು ಅನ್ನೋದೇ ಇಷ್ಟು ವರ್ಷದ ಜಗಳ. ಹೆಸರಿಟ್ಟವರಿಗೆ ಇದು ಹೊಳೆದಿರಲಿಕ್ಕಿಲ್ಲ. ಇನ್ನು ಶಕ್ತಿ ಅಂದರೆ ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಗೊತ್ತಿರೋದು ಒಂದೇ, ಅದು ಬಸ್ಸಿನಲ್ಲಿ ದುಡ್ಡು ಕೊಡದೆ ಸಿಗುತ್ತೆ.

ಯಲಹಂಕದಲ್ಲಿ ಮನೆ ಮಾಡಿರೋ ನಮಗೆ ಇಂಥ ಒಗ್ಗಟ್ಟನ್ನು ಕಣ್ಣಾರೆ ನೋಡೋ ಭಾಗ್ಯ ಜಾಸ್ತಿ. 2025ರ ಫೆಬ್ರವರಿ 9, ಇಲ್ಲಿನ ವಾಯುನೆಲೆಯಲ್ಲಿ ನಡೆಯೋ ಏರೋ ಇಂಡಿಯಾ ವೈಮಾನಿಕ ಪ್ರದರ್ಶನದ ಹಿಂದಿನ ದಿನ. ಆಗ ವಾಯುಪಡೆಯ ಮುಖ್ಯಸ್ಥರಾಗಿದ್ದ ಎ.ಪಿ. ಸಿಂಗ್ ಅವರು ಭೂಸೇನೆಯ ಮುಖ್ಯಸ್ಥರಾಗಿದ್ದ ಉಪೇಂದ್ರ ದ್ವಿವೇದಿ ಅವರನ್ನು ತೇಜಸ್ ಯುದ್ಧವಿಮಾನದಲ್ಲಿ ಕೂರಿಸಿಕೊಂಡು ನಮ್ಮ ತಲೆ ಮೇಲೆ ಹಾರಿದರು. ಇಳಿದ ಮೇಲೆ ದ್ವಿವೇದಿಯವರ ಮುಖ ನೋಡಬೇಕಿತ್ತು, ಜಾತ್ರೆಯ ತೊಟ್ಟಿಲು ಹತ್ತಿ ಇಳಿದ ಹುಡುಗನ ಹಾಗೆ. ಇವರು ಮೊದಲೇ ಸಿಕ್ಕಿದ್ದರೆ ನಾನೂ ವಾಯುಪಡೆಗೇ ಸೇರುತ್ತಿದ್ದೆ ಅನ್ನೋ ಅರ್ಥದಲ್ಲಿ ಮಾತಾಡಿದರು. ಅದಕ್ಕೂ ಮುಂಚೆ, 2024ರ ಸೆಪ್ಟೆಂಬರ್‌ನಲ್ಲಿ ಜೋಧಪುರದಲ್ಲಿ ಮೂರೂ ಸೇನೆಗಳ ಉಪಮುಖ್ಯಸ್ಥರು ಒಟ್ಟಿಗೆ ತೇಜಸ್ ಹಾರಿಸಿದ್ದರು. ಉಪಮುಖ್ಯಸ್ಥರಾಯಿತು, ಮುಖ್ಯಸ್ಥರಾಯಿತು. ಒಟ್ಟಿಗೆ ಹಾರೋದರಲ್ಲಿ ನಮ್ಮವರನ್ನು ಮೀರಿಸೋರಿಲ್ಲ. ಇಳಿದ ಮೇಲೆ ಅವರವರ ಕಾರು ಬೇರೆ ಬೇರೆ, ಅಷ್ಟೇ.

ತಮಾಷೆ ಏನು ಗೊತ್ತಾ? ಆಗಿನ ಮೂರೂ ಸೇನೆಗಳ ಮುಖ್ಯಸ್ಥರು ಹಳೇ ಗೆಳೆಯರು. ದ್ವಿವೇದಿ ಮತ್ತು ನೌಕಾಪಡೆಯ ಮುಖ್ಯಸ್ಥ ದಿನೇಶ್ ತ್ರಿಪಾಠಿ ಮಧ್ಯಪ್ರದೇಶದ ರೀವಾ ಸೈನಿಕ ಶಾಲೆಯಲ್ಲಿ ಒಂದೇ ಕ್ಲಾಸು. ರೋಲ್ ನಂಬರ್ 931 ಮತ್ತು 938. ಸಿಂಗ್ ಮತ್ತು ದ್ವಿವೇದಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ (ಎನ್‌ಡಿಎ) ಒಂದೇ ಬ್ಯಾಚು. ಒಂದೇ ಬೆಂಚಿನವರು ಮೂರು ಸೇನೆಗೂ ಯಜಮಾನರಾಗೋದು ನೂರು ವರ್ಷಕ್ಕೊಮ್ಮೆ ಕೂಡಿಬರೋ ಯೋಗ. ಈಗಲಾದರೂ ಮೂರು ಒಲೆ ಒಂದಾಗುತ್ತೆ ಅಂದುಕೊಂಡಿದ್ದೆವು. 2025ರ ಆಗಸ್ಟ್‌ನಲ್ಲಿ ಮಹೂನಲ್ಲಿ ‘ರಣ ಸಂವಾದ’ ಅಂತ ಕಾರ್ಯಕ್ರಮ ಆಯಿತು. ಅಲ್ಲಿ ಸಿಂಗ್ ಅವರು ಥಿಯೇಟರ್ ಕಮಾಂಡ್‌ಗೆ, ಅಂದರೆ ಒಂದು ಪ್ರದೇಶದ ಮೂರೂ ಸೇನೆಗಳನ್ನು ಒಬ್ಬನೇ ಕಮಾಂಡರ್ ಕೈಗೆ ಕೊಡೋದಕ್ಕೆ, ಆತುರ ಬೇಡ ಅಂದರು. ಬೇಕಿದ್ದರೆ ದೆಹಲಿಯಲ್ಲಿ ಜಂಟಿ ಯೋಜನೆಗೆ ಒಂದು ಕೇಂದ್ರ ಮಾಡಿಕೊಳ್ಳೋಣ ಅಂದರು. ತ್ರಿಪಾಠಿಯವರು ನಮ್ಮ ಬೆಂಬಲ ಇದೆ ಅಂದರು. ಒಂದೇ ಊರು, ಒಂದೇ ವೇದಿಕೆ. ರಣಾನೂ ಆಯಿತು, ಸಂವಾದಾನೂ ಆಯಿತು.

‘ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು’ ಅಂತಾರಲ್ಲ. ಈ ಗಾದೆ ಮಾಡಿದವರ ಕಾಲದಲ್ಲಿ ವಿಮಾನ ಇರಲಿಲ್ಲ. ಇದ್ದಿದ್ದರೆ ಮೂರನೇದೊಂದು ಪ್ರಾಣಿ ಸೇರಿಸಿ ಆಕಾಶಕ್ಕೂ ಎಳೆಸುತ್ತಿದ್ದರು. (ಗಾದೆ ನನ್ನದಲ್ಲ. ಯಾವ ಪ್ರಾಣಿ ಯಾರು ಅಂತ ನಾನು ಹೇಳಿಲ್ಲ. ಗ್ರೂಪಿನವರು ದಯವಿಟ್ಟು ಗಮನಿಸಿ.)

ಜಗಳ ಇವತ್ತಿನದಲ್ಲ ಬಿಡಿ. ಮೊದಲ ಸಿಡಿಎಸ್, ಅಂದರೆ ರಕ್ಷಣಾ ಪಡೆಗಳ ಮುಖ್ಯಸ್ಥರಾಗಿ ಬಿಪಿನ್ ರಾವತ್ ಬಂದಿದ್ದು 2020ರ ಜನವರಿ 1ಕ್ಕೆ. ಮೂರು ಸೇನೆಗಳನ್ನು ಒಂದು ದಾರಕ್ಕೆ ಪೋಣಿಸೋದೇ ಅವರ ಕೆಲಸ. 2021ರ ಜುಲೈನಲ್ಲಿ ಅವರು ವಾಯುಪಡೆ ಅಂದರೆ ಫಿರಂಗಿದಳದ ಹಾಗೆ, ಎಂಜಿನಿಯರುಗಳ ಹಾಗೆ ಒಂದು ಬೆಂಬಲದ ಅಂಗ ಅಂದುಬಿಟ್ಟರು. ಮದುವೆ ಮನೆಯಲ್ಲಿ ಗಂಡಿನ ಕಡೆಯವರು ಹೆಣ್ಣಿನ ಕಡೆಯವರನ್ನು ‘ಅಡುಗೆಯವರು’ ಅಂದ ಹಾಗಾಯಿತು. ವಾಯುಪಡೆಯ ಆಗಿನ ಮುಖ್ಯಸ್ಥ ಭದೌರಿಯಾ ಅದೇ ದಿನ ಉತ್ತರ ಕೊಟ್ಟರು, ನಾವು ಬರೀ ಬೆಂಬಲಕ್ಕೆ ಇರೋರಲ್ಲ ಅಂತ. ಆ ವರ್ಷದ ಡಿಸೆಂಬರ್‌ನಲ್ಲಿ ಕೂನೂರಿನ ಹತ್ತಿರ ಹೆಲಿಕಾಪ್ಟರ್ ಬಿದ್ದು ರಾವತ್ ತೀರಿಕೊಂಡರು. ಆಮೇಲೆ ಒಂಬತ್ತು ತಿಂಗಳಿಗೂ ಜಾಸ್ತಿ ಕಾಲ ಆ ಕುರ್ಚಿ ಖಾಲಿ. ಅಷ್ಟು ತುರ್ತಿನ ಹುದ್ದೆ ಅದು. 2025 ಮುಗಿದರೂ ಒಂದೇ ಒಂದು ಹೊಸ ಥಿಯೇಟರ್ ಕಮಾಂಡ್ ನಿಂತಿರಲಿಲ್ಲ.

ಒಲೆ ಬೇರೆಯಾದ ಮೇಲೆ ಪಾತ್ರೆಯೂ ಬೇರೆ ಬೇಕಲ್ವಾ? ವಾಯುಪಡೆ 2015ರಲ್ಲೇ 22 ಅಪಾಚೆ ಹೆಲಿಕಾಪ್ಟರಿಗೆ ಒಪ್ಪಂದ ಮಾಡಿಕೊಂಡಿತ್ತು. ಟ್ಯಾಂಕು ಒಡೆಯೋ ಹೆಲಿಕಾಪ್ಟರ್ ಟ್ಯಾಂಕಿನ ಜೊತೆ ಓಡಾಡೋ ನಮ್ಮ ಹತ್ತಿರ ಇರಬೇಕು ಅಂತ ಭೂಸೇನೆ. ಹಾರೋದೆಲ್ಲ ನಮ್ಮದು ಅಂತ ವಾಯುಪಡೆ. ಕೊನೆಗೆ ಸರ್ಕಾರ 2020ರಲ್ಲಿ ಭೂಸೇನೆಗೂ ಅಂತಲೇ ಆರು ಬೇರೆ ಬುಕ್ ಮಾಡಿತು. 2024ರ ಮಾರ್ಚ್‌ನಲ್ಲಿ ಜೋಧಪುರದಲ್ಲಿ ಅದಕ್ಕೊಂದು ಸ್ಕ್ವಾಡ್ರನ್, ಅಂದರೆ ತುಕಡಿ, ಶುರುವಾಯಿತು. ಬೋರ್ಡು ಬಂತು, ಪೈಲಟ್‌ಗಳು ಬಂದರು, ಹೆಲಿಕಾಪ್ಟರ್ ಬರಲಿಲ್ಲ. ಮೊದಲ ಮೂರು ಬಂದಿದ್ದು 2025ರ ಜುಲೈಗೆ. ಹದಿನಾರು ತಿಂಗಳು ಆ ಸ್ಕ್ವಾಡ್ರನ್‌ನವರು ಏನು ಮಾಡುತ್ತಿದ್ದರು? ಪಕ್ಕದ ಮನೆಯಲ್ಲಿ 22 ಇದ್ದವು. ಆದರೆ ನಮ್ಮ ಕಡೆ ಪಾಲಾದ ಅಣ್ಣತಮ್ಮಂದಿರು ಎಲ್ಲಾದರೂ ಒಂದೇ ಬಾವಿಗೆ ಹಗ್ಗ ಇಳಿಸಿದ್ದು ನೋಡಿದ್ದೀರಾ? ಈಗ ನಮ್ಮ ಎಚ್‌ಎಎಲ್‌ಗೆ 156 ‘ಪ್ರಚಂಡ’ ಹೆಲಿಕಾಪ್ಟರ್ ಆರ್ಡರ್ ಸಿಕ್ಕಿದೆ. ಅದರಲ್ಲಿ 90 ಭೂಸೇನೆಗೆ, 66 ವಾಯುಪಡೆಗೆ. ಪಾಲು ಪಂಚಾಯಿತಿ ಮೊದಲೇ ಮುಗಿಸಿದ್ದಾರೆ, ಒಳ್ಳೇದಾಯಿತು.

ಎಚ್‌ಎಎಲ್ ಅಂದಾಗ ನೆನಪಾಯಿತು. ಜಂಟಿ ತರಬೇತಿಗೆ ಮೊದಲು ತರಬೇತಿ ಬೇಕು, ತರಬೇತಿಗೆ ವಿಮಾನ ಬೇಕು. ಹೊಸ ಪೈಲಟ್‌ಗಳಿಗೆ ಮಧ್ಯದ ಹಂತದಲ್ಲಿ ಕಲಿಸೋಕೆ ಅಂತ ಒಂದು ಜೆಟ್ ಮಾಡಿದರು, ಎಚ್‌ಜೆಟಿ-36, ಹೆಸರು ‘ಸಿತಾರಾ’. ಮೊದಲು ಹಾರಿದ್ದು 2003ರಲ್ಲಿ. ಆ ವರ್ಷ ಹುಟ್ಟಿದ ಮಗು ಎಂಜಿನಿಯರಿಂಗ್ ಮುಗಿಸಿ, ಕೆಲಸಕ್ಕೆ ಸೇರಿ, ಕೆಲಸ ಬಿಟ್ಟು, ಈಗ ಸ್ಟಾರ್ಟಪ್ ಅಂತ ಅಪ್ಪನ ದುಡ್ಡು ಕರಗಿಸುತ್ತಿದೆ. ಸಿತಾರಾ ಮಾತ್ರ ಇನ್ನೂ ಪರೀಕ್ಷೆ ಬರೀತಾನೇ ಇತ್ತು. 2025ರ ಏರೋ ಇಂಡಿಯಾದಲ್ಲಿ ಅದಕ್ಕೊಂದು ಪರಿಹಾರ ಮಾಡಿದರು. ಹೆಸರು ಬದಲಿಸಿದರು. ಈಗ ಅದು ‘ಯಶಸ್’. ಸಿನಿಮಾ ಓಡದ ನಟರು ಹೆಸರಿಗೆ ಒಂದಕ್ಷರ ಜಾಸ್ತಿ ಹಾಕಿಸಿಕೊಳ್ಳಲ್ವಾ, ಹಾಗೆ.

ಅದೇ ಷೋನಲ್ಲೇ ಸಿಂಗ್ ಅವರು ಎಚ್‌ಎಎಲ್ ಮೇಲೆ ಸದ್ಯಕ್ಕೆ ನನಗೆ ಭರವಸೆ ಇಲ್ಲ ಅಂತ ಅವರ ಎದುರೇ ಹೇಳಿದ ವಿಡಿಯೊ ನೀವೂ ನೋಡಿದ್ದೀರಿ. ನಗಾರಿ ಸದ್ದಿಲ್ಲದ ಏಕೈಕ ರಕ್ಷಣಾ ವಿಡಿಯೊ ಅದು. ಬೇಜಾರಲ್ಲಿ ಆಡಿದ ಮಾತು, ಅದಕ್ಕೇ ನಿಜ ಇತ್ತು. 83 ತೇಜಸ್ ಮಾರ್ಕ್-1ಎಗೆ ಒಪ್ಪಂದ ಆಗಿದ್ದು 2021ರಲ್ಲಿ. 2024ರ ಮಾರ್ಚ್‌ನಿಂದ ಕೊಡಬೇಕಿತ್ತು. ಅಮೆರಿಕದ ಎಂಜಿನ್ ತಡ, ನಮ್ಮದು ಇನ್ನೊಂದು ತಡ. 2025 ಮುಗಿದರೂ ಒಂದೂ ವಾಯುಪಡೆಯ ಕೈ ಸೇರಲಿಲ್ಲ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಮಿಗ್-21 ನಿವೃತ್ತಿಯಾದಾಗ ಇರಬೇಕಾದ 42 ಸ್ಕ್ವಾಡ್ರನ್‌ಗಳಲ್ಲಿ ಉಳಿದಿದ್ದು 29.

ಇನ್ನು ಯಲಹಂಕದ ಅಸಲಿ ಕಷ್ಟಕ್ಕೆ ಬರುತ್ತೇನೆ. ಕೋಳಿ.

ಏರೋ ಇಂಡಿಯಾ ಬಂತು ಅಂದರೆ ವಾಯುನೆಲೆಯ ಸುತ್ತ ಮಾಂಸದಂಗಡಿ ಬಂದ್, ಹೋಟೆಲಿನಲ್ಲಿ ಮಾಂಸದೂಟ ಬಂದ್. ತ್ಯಾಜ್ಯಕ್ಕೆ ಹದ್ದು ಬರುತ್ತೆ, ಹದ್ದು ವಿಮಾನಕ್ಕೆ ಬಡಿಯುತ್ತೆ ಅಂತ. ಕಾರಣ ಸುಳ್ಳಲ್ಲ. ಒಂದು ಹದ್ದು ಎಂಜಿನ್ ಒಳಗೆ ಹೋದರೆ ನೂರಾರು ಕೋಟಿಯ ವಿಮಾನ ಕಥೆ ಮುಗೀತು. 2023ರಲ್ಲಿ ಸುತ್ತ ಹತ್ತು ಕಿಲೋಮೀಟರ್ ದೂರದವರೆಗೆ, 22 ದಿನ. 2025ರಲ್ಲಿ ಹದಿಮೂರು ಕಿಲೋಮೀಟರ್, 26 ದಿನ. ಐದು ದಿನದ ಷೋಗೆ ಅಷ್ಟು ದಿನದ ವ್ರತ. ಹತ್ತರಿಂದ ಹದಿಮೂರಕ್ಕೆ ಏರಿದರೆ ಬರೀ ಮೂರೇ ಅಲ್ವಾ ಅನ್ನಬೇಡಿ. ವೃತ್ತದ ಲೆಕ್ಕ ಹಾಕಿ ನೋಡಿ, 314 ಚದರ ಕಿಲೋಮೀಟರ್ ಇದ್ದಿದ್ದು 531 ಆಯಿತು. ಕೋಳಿ ಬಂದ್ ಆಯಿತು. ಖಾಲಿ ಸೈಟಿನಲ್ಲಿ ಬಿದ್ದಿರೋ ಕಸದ ಗುಡ್ಡೆ ಬಂದ್ ಆಗಲಿಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಒಂದಿದೆ. ಆ 26 ದಿನವೂ ಅದರ ಮೇಲೆ ಹದ್ದುಗಳು ತಮ್ಮದೇ ವೈಮಾನಿಕ ಪ್ರದರ್ಶನ ನಡೆಸಿದವು, ಪಾಸ್ ಇಲ್ಲದೆ ನೋಡಿದೆ.

ನೋಡ್ತಾ ನಿಂತಾಗ ಒಂದು ಹೊಳೆಯಿತು. ಹದ್ದು ಆಕಾಶದಲ್ಲಿ ಹಾರುತ್ತೆ, ನೆಲದ ಮೇಲಿನ ಕೋಳಿ ಕಾಲು ಎತ್ತುತ್ತೆ, ಯಲಹಂಕ ಕೆರೆಗೆ ಇಳಿದು ಮೀನೂ ಹಿಡಿಯುತ್ತೆ. ನೆಲ, ಜಲ, ಆಕಾಶ ಮೂರೂ ಒಂದೇ ಕಮಾಂಡಿನಲ್ಲಿ. ಯಾವ ಸಮಿತಿಯೂ ಇಲ್ಲದೆ. ಹದಿಮೂರು ಕಿಲೋಮೀಟರ್ ದೂರ ಇಡೋದು ಹೊಟ್ಟೆಕಿಚ್ಚಿಗೇ ಇರಬೇಕು.

ನಗು ಸಾಕು. ಜಂಟಿ ಅಭ್ಯಾಸ ಯಾಕೆ ಬೇಕು ಅನ್ನೋದು ವಿಡಿಯೊ ನೋಡಿದರೆ ಗೊತ್ತಾಗಲ್ಲ. ಒಂದೇ ಆಕಾಶದಲ್ಲಿ ವಾಯುಪಡೆಯ ವಿಮಾನ ಹಾರುತ್ತೆ, ಅದರ ಕೆಳಗೆ ಭೂಸೇನೆಯ ಹೆಲಿಕಾಪ್ಟರು, ಡ್ರೋನು. ನೆಲದಲ್ಲಿ ಭೂಸೇನೆಯದೇ ವಿಮಾನ ಹೊಡೆಯೋ ಗನ್ನುಗಳು. ಪಕ್ಕದಲ್ಲಿ ವಾಯುಪಡೆಯ ಕ್ಷಿಪಣಿ. ಸಮುದ್ರದಲ್ಲಿ ಹಡಗಿನ ಕ್ಷಿಪಣಿ. ಯಾವಾಗ ಕಂಡದ್ದನ್ನು ಹೊಡೀಬಹುದು, ಯಾವಾಗ ಶತ್ರು ಅಂತ ಖಾತ್ರಿಯಾದ ಮೇಲೇ ಹೊಡೀಬೇಕು, ಯಾವಾಗ ಟ್ರಿಗರ್ ಮುಟ್ಟಲೇಬಾರದು, ಇದು ಎಲ್ಲರಿಗೂ ಒಂದೇ ಕ್ಷಣದಲ್ಲಿ ಒಂದೇ ಥರ ಗೊತ್ತಿರಬೇಕು. ವಿಮಾನದಲ್ಲಿ ಐಎಫ್‌ಎಫ್ ಅಂತ ಒಂದು ಯಂತ್ರ ಇರುತ್ತೆ. ಕೆಳಗಿನಿಂದ ‘ಯಾರಪ್ಪಾ ನೀನು’ ಅಂತ ಸಂಕೇತ ಬಂದರೆ ‘ನಿಮ್ಮವನೇ’ ಅಂತ ಉತ್ತರ ಕೊಡುತ್ತೆ. ಅಷ್ಟೇ ಅದರ ಕೆಲಸ.

2019ರ ಫೆಬ್ರವರಿ 27, ಬಾಲಾಕೋಟ್‌ನ ಮರುದಿನ. ಶ್ರೀನಗರದಿಂದ ಮೇಲೇರಿದ ಮಿ-17 ಹೆಲಿಕಾಪ್ಟರಿನ ಆ ಯಂತ್ರ ಆಫ್ ಆಗಿತ್ತು. ಅದು ಹಾರಿದ್ದು ಸುಮಾರು ಹತ್ತೇ ನಿಮಿಷ. ಬಡಗಾಂನ ಮೇಲೆ ಅದನ್ನು ಹೊಡೆದಿದ್ದು ನಮ್ಮದೇ ಸ್ಪೈಡರ್ ಕ್ಷಿಪಣಿ. ವಾಯುಪಡೆಯ ಆರು ಜನ, ನೆಲದ ಮೇಲಿದ್ದ ಒಬ್ಬ ಊರಿನವನು, ಒಟ್ಟು ಏಳು ಜನ ಹೋದರು. ಅದು ನಮ್ಮದೇ ತಪ್ಪು, ದೊಡ್ಡ ತಪ್ಪು ಅಂತ ಭದೌರಿಯಾ ಬಾಯಿಬಿಟ್ಟು ಹೇಳಿದ್ದು ಅಕ್ಟೋಬರ್‌ನಲ್ಲಿ. ಅದರ ಮಧ್ಯೆ ಒಂದು ಲೋಕಸಭೆ ಚುನಾವಣೆ ಮುಗಿದಿತ್ತು. ಎಲ್ಲರೂ ಸೇನೆಯ ಹೆಸರಲ್ಲಿ ಮೈಕು ಹಿಡಿದಿದ್ದರು, ಆ ಆರು ಜನರ ಹೆಸರು ಮಾತ್ರ ಯಾರಿಗೂ ಬೇಕಿರಲಿಲ್ಲ.

ಗಮನಿಸಿ, ಅದು ಎರಡು ಸೇನೆಗಳ ನಡುವಿನ ಎಡವಟ್ಟೂ ಅಲ್ಲ. ಹೆಲಿಕಾಪ್ಟರೂ ವಾಯುಪಡೆಯದ್ದು, ಕ್ಷಿಪಣಿಯೂ ವಾಯುಪಡೆಯದ್ದು. ಒಂದೇ ಮನೆಯೊಳಗೇ ಹೀಗೆ. ಮೂರು ಮನೆಯವರು ಒಂದೇ ಅಂಗಳದಲ್ಲಿ ಕತ್ತಲಲ್ಲಿ ಓಡಾಡೋವಾಗ ಏನಾಗಬಹುದು ಅಂತ ಯೋಚನೆ ಮಾಡೋಕೂ ನನಗೆ ಧೈರ್ಯ ಇಲ್ಲ. ಯಾರು ಯಾರಿಗೆ ಸೆಲ್ಯೂಟ್ ಹೊಡೀಬೇಕು ಅಂತ ಐದಾರು ವರ್ಷ ಜಗ್ಗಾಡೋರಿಗೆ ಆ ಧೈರ್ಯ ಇದೆ. ಸಾಕಾಗಿದೆ ನಿಜ ಹೇಳಬೇಕಂದ್ರೆ. ಕಾಕ್‌ಪಿಟ್‌ನಲ್ಲಿ ಹೆಬ್ಬೆರಳು ಎತ್ತಿದ ಫೋಟೊ ಇನ್ನೆಷ್ಟು ಬೇಕು?

ಹಾಗಂತ ಏನೂ ಆಗಿಲ್ಲ ಅಂತಲ್ಲ. 2025ರ ಮೇನಲ್ಲಿ ಗಡಿಯಾಚೆಯಿಂದ ರಾತ್ರಿಯಿಡೀ ಡ್ರೋನುಗಳು ಬಂದಾಗ ಭೂಸೇನೆಯ ‘ಆಕಾಶ್‌ತೀರ್’ ವ್ಯವಸ್ಥೆ ಮತ್ತು ವಾಯುಪಡೆಯ ಜಾಲ ಕೈಜೋಡಿಸಿ ಕೆಲಸ ಮಾಡಿದವು. ಆಕಾಶ್‌ತೀರ್ ಮಾಡಿದ್ದು ಬಿಇಎಲ್, ಅದರ ಮುಖ್ಯ ಕಚೇರಿ ಇಲ್ಲೇ ಬೆಂಗಳೂರಲ್ಲಿ. ಅಂದರೆ ಯಂತ್ರಗಳು ಮಾತಾಡಿಕೊಂಡವು. ಅವಕ್ಕೆ ಬಡ್ತಿ, ಬಾವುಟ, ಬಂಗಲೆ ಇಲ್ಲ ನೋಡಿ.

ಸಂಜೆ ಕೋಳಿ ತರೋಕೆ ಹೋದೆ. ಅಂಗಡಿಯಣ್ಣನ ಫೋನಿನಲ್ಲೂ ಅದೇ ವಿಡಿಯೊ, ಅದೇ ನಗಾರಿ. ಒಂದು ಕೈಯಲ್ಲಿ ಕತ್ತಿ, ಕಣ್ಣು ಫೋನಿನ ಮೇಲೆ. ‘ಎಂಥಾ ವಿಮಾನ ಸಾರ್’ ಅಂದ. ಆಮೇಲೆ ಕತ್ತಿ ಕೆಳಗಿಟ್ಟು ಕೇಳಿದ, ‘ಮುಂದಿನ ಷೋ 2027ಕ್ಕೆ ಅಲ್ವಾ? ಈ ಸಲ ಎಷ್ಟು ಕಿಲೋಮೀಟರ್ ಮಾಡ್ತಾರೆ ಅಂತೀರಾ?’

ಹತ್ತು ಆಯ್ತು, ಹದಿಮೂರು ಆಯ್ತು, ಲೆಕ್ಕದ ಪ್ರಕಾರ ಹದಿನಾರು ಅಂದೆ.

ಅವನು ಮನಸ್ಸಲ್ಲೇ ದಾರಿ ಅಳೆದ. ‘ಹಂಗಾದ್ರೆ ನಮ್ಮ ಭಾವನ ಅಂಗಡೀನೂ ಹೋಯ್ತು’ ಅಂದು ಅರ್ಧ ಕೆಜಿ ತೂಗಿ ಕೊಟ್ಟ.