ಲೋಕಾರ್ಪಣೆ ಆಗಿದೆ, ಕಾನ್ಫಿಗರ್ ಬಾಕಿ ಇದೆ

ನಮ್ಮಲ್ಲಿ ಸೇತುವೆ, ಬಸ್ ನಿಲ್ದಾಣ, ಕುಡಿಯುವ ನೀರಿನ ಘಟಕ ಇವುಗಳ ಸಾಲಿಗೆ ಈಗ ವೆಬ್‌ಸೈಟ್ ಕೂಡ ಸೇರಿದೆ. ಅದಕ್ಕೂ ಲೋಕಾರ್ಪಣೆ ಆಗಲೇಬೇಕು. ಶಾಮಿಯಾನ, ದೀಪ, ನಾಡಗೀತೆ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ನಿರೂಪಕಿ ‘ಈಗ ಆ ಅಮೃತ ಗಳಿಗೆ’ ಅಂದ ಕೂಡಲೇ ಗಣ್ಯರು ದೊಡ್ಡದೊಂದು ಕೆಂಪು ಗುಂಡಿ ಒತ್ತುತ್ತಾರೆ. ಪರದೆ ಮೇಲೆ ಮುಖಪುಟ ಮೂಡುತ್ತದೆ. ಚಪ್ಪಾಳೆ. ಆ ಗುಂಡಿಯಿಂದ ಯಾವ ವೈರೂ ಹೊರಟಿರುವುದಿಲ್ಲ. ವೇದಿಕೆ ಪಕ್ಕ ಕೂತ ಹುಡುಗನೊಬ್ಬ ಗಣ್ಯರ ಬೆರಳನ್ನೇ ನೋಡುತ್ತಾ ತನ್ನ ಲ್ಯಾಪ್‌ಟಾಪ್‌ನಲ್ಲಿ ಎಂಟರ್ ಒತ್ತಿರುತ್ತಾನೆ. ಮುಖಪುಟವೂ ಆ ಲ್ಯಾಪ್‌ಟಾಪ್‌ನದ್ದೇ. ಅಡ್ರೆಸ್ ಬಾರ್‌ನಲ್ಲಿ ‘ಲೋಕಲ್‌ಹೋಸ್ಟ್’, ಅಂದರೆ ‘ಇದೇ ಯಂತ್ರ’, ಅಂತ ಇರೋದು ಕಾಣದಿರಲಿ ಅಂತ ಫುಲ್ ಸ್ಕ್ರೀನ್ ಮಾಡಿರುತ್ತಾರೆ, ಅಷ್ಟೇ.

ಯಾವ ಇಲಾಖೆ ಅಂತ ಕೇಳಬೇಡಿ. ನಿಮಗೆ ಇಷ್ಟ ಬಂದ ಹೆಸರು ಹಾಕಿಕೊಳ್ಳಿ, ಕತೆ ಹೊಂದುತ್ತದೆ.

ಮಾರನೇ ದಿನ ಪೇಪರಿನಲ್ಲಿ ವಿಳಾಸ ನೋಡಿ ಜನ ಸೈಟ್ ತೆರೆಯುತ್ತಾರೆ. ಬಿಳಿ ಪುಟ. ಮೇಲೆ ದಪ್ಪಕ್ಷರದಲ್ಲಿ ‘ವೆಲ್‌ಕಮ್ ಟು ಎಂಜಿನ್‌ಎಕ್ಸ್!’. ಕೆಳಗೆ ಸಣ್ಣದಾಗಿ ಇಂಗ್ಲಿಷ್‌ನಲ್ಲಿ ಎರಡು ಮಾತು: ಈ ಪುಟ ನಿಮಗೆ ಕಾಣುತ್ತಿದ್ದರೆ ವೆಬ್ ಸರ್ವರ್ ಯಶಸ್ವಿಯಾಗಿ ಇನ್‌ಸ್ಟಾಲ್ ಆಗಿದೆ, ಮುಂದಿನ ಕಾನ್ಫಿಗರೇಶನ್ ಆಗಬೇಕಿದೆ. ಸರ್ವರ್‌ನಿಂದ ಪುಟಗಳನ್ನು ಜನರಿಗೆ ತಲುಪಿಸುವ ಈ ಎಂಜಿನ್‌ಎಕ್ಸ್ ತಂತ್ರಾಂಶ ಬರೆದವರು ರಷ್ಯಾದ ಇಗೊರ್ ಸಿಸೊಯೆವ್. ಹೊರಬಂದದ್ದು 2004ರಲ್ಲಿ. ನಮ್ಮ ಕಾಮಗಾರಿಗಳ ಕಡೆ ಅವರು ತಲೆ ಹಾಕಿರಲಿಕ್ಕಿಲ್ಲ. ಆದರೂ ಇಲ್ಲಿನ ಪ್ರಗತಿ ಪರಿಶೀಲನಾ ವರದಿ ಇಡೀ ಆ ಎರಡು ಮಾತಿನಲ್ಲಿ ಬಂದುಬಿಟ್ಟಿದೆ.

ಇನ್‌ಸ್ಟಾಲ್ ಮಾಡೋದು ದೊಡ್ಡ ವಿಷಯ ಅಲ್ಲ. ಲಿನಕ್ಸ್ ಸರ್ವರ್‌ನಲ್ಲಿ ನಾಲ್ಕಾರು ಕಮಾಂಡ್. ಪುಟ ತಲುಪಿಸಲು ಎಂಜಿನ್‌ಎಕ್ಸ್ ಅಥವಾ ಅಪಾಚೆ, ಕೋಡ್ ನಡೆಸಲು ಪಿಎಚ್‌ಪಿ, ಮಾಹಿತಿ ಕೂಡಿಡಲು ಮೈಎಸ್‌ಕ್ಯುಎಲ್, ಅದರ ಮೇಲೆ ನಿಮ್ಮ ಆ್ಯಪ್. ನೆಟ್ ಚೆನ್ನಾಗಿದ್ದರೆ ಕಾಫಿ ಆರುವಷ್ಟರಲ್ಲಿ ಮುಗಿಯುತ್ತದೆ. ವೆಬ್‌ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ನವರು ‘ಐದು ನಿಮಿಷದ ಇನ್‌ಸ್ಟಾಲ್’ ಅಂತ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದಾರೆ, ಅದು ಸುಳ್ಳೂ ಅಲ್ಲ. ಕೆಲಸ ಶುರುವಾಗೋದು ಆಮೇಲೆ. ಎಷ್ಟು ಜನ ಬರುತ್ತಾರೆ, ಎಷ್ಟು ದೊಡ್ಡ ಫೈಲ್ ಕಳಿಸುತ್ತಾರೆ, ಯಾವ ಭಾಷೆಯಲ್ಲಿ ಬರೆಯುತ್ತಾರೆ, ಯಾವ ಊರಿನ ಗಡಿಯಾರ ನೋಡುತ್ತಾರೆ, ಇದನ್ನೆಲ್ಲ ಒಂದೊಂದೇ ಫೈಲ್ ತೆರೆದು ಸರ್ವರ್‌ಗೆ ತಿಳಿಸಬೇಕು. ಕಾನ್ಫಿಗರ್ ಅಂದರೆ ಇದೇ. ತಿಳಿಸದಿದ್ದರೆ ಅದು ಡೀಫಾಲ್ಟ್, ಅಂದರೆ ಮೊದಲೇ ಬರೆದಿಟ್ಟದ್ದನ್ನು, ಹಿಡಿದು ನಡೆಯುತ್ತದೆ. ಟೆಂಡರ್‌ನಲ್ಲಿ ಇರೋದು ‘ಸಪ್ಲೈ, ಇನ್‌ಸ್ಟಾಲೇಶನ್, ಟೆಸ್ಟಿಂಗ್, ಕಮಿಷನಿಂಗ್’. ನಾಲ್ಕಕ್ಕೂ ಬಿಲ್ ಆಗುತ್ತದೆ. ಫೈಲ್ ತೆರೆದು ಒಂದು ಅಂಕಿ ತಿದ್ದೋದಕ್ಕೆ ಬಿಲ್ ಇಲ್ಲ. ಆ ಅಂಕಿಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳೋಕೂ ಬರಲ್ಲ.

ಅಂಥ ಅಂಕಿಗಳಲ್ಲಿ ನನಗೆ ಬಲು ಪ್ರೀತಿಯದು 5. ಉಬುಂಟು ಅನ್ನುವ ಲಿನಕ್ಸ್‌ನಲ್ಲಿ, ಪಿಎಚ್‌ಪಿ ಕೆಲಸ ಹಂಚುವ ಪಿಎಚ್‌ಪಿ-ಎಫ್‌ಪಿಎಂ ಹಾಕಿದರೆ, ಒಂದೇ ಹೊತ್ತಿಗೆ ಎಷ್ಟು ಕೆಲಸಗಾರರು, ಅಂದರೆ ಜನರ ಕೋರಿಕೆ ನೋಡಿಕೊಳ್ಳುವ ಪ್ರಕ್ರಿಯೆಗಳು, ಇರಬಹುದು ಅನ್ನುವ ಜಾಗದಲ್ಲಿ ಮೊದಲೇ ಬರೆದಿರೋದು ಐದು. ಆ ಸಾಲಿನ ಹೆಸರು ‘ಮ್ಯಾಕ್ಸ್ ಚಿಲ್ಡ್ರನ್’. ಆರತಿಗೊಬ್ಬಳು, ಕೀರ್ತಿಗೊಬ್ಬ ಅಂತ ಗೋಡೆ ಗೋಡೆಗೆ ಬರೆಸಿದ ಸರ್ಕಾರ ಇಲ್ಲಿ ಐದಕ್ಕೆ ಒಪ್ಪಿಕೊಂಡಿದೆ, ಉದಾರ ಮನಸ್ಸೇ. ಲೆಕ್ಕ ಹಾಕೋಣ. ಒಂದು ಕೋರಿಕೆಗೆ ಎರಡು ಸೆಕೆಂಡ್ ಹಿಡಿಯುತ್ತದೆ ಅಂದುಕೊಳ್ಳಿ. ಐವರೂ ತಲೆ ಎತ್ತದೆ ದುಡಿದರೆ ಗಂಟೆಗೆ 9,000 ಕೋರಿಕೆ. ಲಾಗಿನ್, ಒಟಿಪಿ, ಮೂರು ಪುಟ, ನಾಲ್ಕು ದಾಖಲೆ ಅಂತ ಒಂದು ಅರ್ಜಿಗೆ 20 ಕೋರಿಕೆ ಹೋದರೆ ಗಂಟೆಗೆ 450 ಅರ್ಜಿ. ರಾಜ್ಯದಲ್ಲಿ 31 ಜಿಲ್ಲೆ. ಒಂದು ಜಿಲ್ಲೆಯ ಪಾಲಿಗೆ ಗಂಟೆಗೆ ಹದಿನಾಲ್ಕೋ ಹದಿನೈದೋ. ಮಿಕ್ಕವರ ಪರದೆ ಮೇಲೆ 502 ಇಲ್ಲವೇ 504, ಅಂದರೆ ಒಳಗಿನಿಂದ ಸರಿಯಾದ ಉತ್ತರ ಬರಲಿಲ್ಲ ಅಂತ. ಕೌಂಟರ್‌ನಲ್ಲಿ ಕೂತವರು ಅದನ್ನೇ ಓದಿ ಹೇಳುತ್ತಾರೆ: “ಸರ್ವರ್ ಡೌನ್ ಇದೆ, ನಾಳೆ ಬನ್ನಿ.”

ಡೌನ್ ಎಲ್ಲಿಂದ ಬಂತು? ಆ ಯಂತ್ರ ತಣ್ಣಗೆ ಕೂತಿರುತ್ತದೆ. ಮುಕ್ಕಾಲು ಪಾಲು ಮೆಮೊರಿ ಖಾಲಿ. ಕೆಲಸಕ್ಕೆ ಐವರನ್ನೇ ಬಿಟ್ಟಿದ್ದಾರೆ, ಅದು ತಾನೇ ಏನು ಮಾಡೀತು. ಜನ ಮಾತ್ರ ಸರ್ವರ್ ಅನ್ನೋದನ್ನು ಮಳೆಯ ಹಾಗೆ ಒಪ್ಪಿಕೊಂಡುಬಿಟ್ಟಿದ್ದಾರೆ. ನ್ಯಾಯಬೆಲೆ ಅಂಗಡಿ ಮುಂದೆ ಹೆಬ್ಬೆಟ್ಟು ಕೊಡೋಕೆ ನಿಂತವರು “ನಿಮ್ಮ ಕಡೆ ಬಂತಾ? ನಮ್ಮ ಕಡೆ ಬೆಳಿಗ್ಗೆ ಅರ್ಧ ಗಂಟೆ ಬಂದಿತ್ತು” ಅಂತ ಮಾತಾಡಿಕೊಳ್ಳುತ್ತಾರೆ. ಯಾರ ಮೇಲೂ ಸಿಟ್ಟಿಲ್ಲ.

ಪಾಪ, ಸರ್ವರ್ ಬಾಯಿ ಮುಚ್ಚಿಕೊಂಡು ಕೂತಿಲ್ಲ. ಐದೂ ಭರ್ತಿಯಾದಾಗ ಲಾಗ್ ಫೈಲ್‌ನಲ್ಲಿ ಒಂದು ಸಾಲು ಬರೆಯುತ್ತದೆ. ಮಿತಿ ಐದಕ್ಕೆ ಮುಟ್ಟಿದೆ, ಹೆಚ್ಚಿಸುವುದನ್ನು ಪರಿಗಣಿಸಿ. ಎಂಥ ವಿನಯ ನೋಡಿ. ಹೆಚ್ಚಿಸಿ ಅಂತಲೂ ಅನ್ನುವುದಿಲ್ಲ, ಪರಿಗಣಿಸಿ. ಓದುವವರಿಲ್ಲ. ಸರ್ಕಾರದ ‘ಸಕಾಲ’ ಯೋಜನೆಯಲ್ಲಿ ಜಾತಿ ಪ್ರಮಾಣಪತ್ರಕ್ಕೆ ಗಡುವಿದೆ, ಆದಾಯ ಪ್ರಮಾಣಪತ್ರಕ್ಕೆ ಗಡುವಿದೆ. ಸರ್ವರ್ ತಾನೇ ಬರೆದುಕೊಂಡ ಅರ್ಜಿಗೆ ಗಡುವೂ ಇಲ್ಲ, ಮೇಲ್ಮನವಿ ಪ್ರಾಧಿಕಾರವೂ ಇಲ್ಲ.

ಹಾಗಂತ ಇಲಾಖೆ ಏನೂ ಮಾಡಲ್ಲ ಅನ್ನಬೇಡಿ. ಸರ್ವರ್ ಅನ್ನು ಕಾನ್ಫಿಗರ್ ಮಾಡೋದು ಕಷ್ಟ ಅಂತ ಅದು ಜನರನ್ನು ಕಾನ್ಫಿಗರ್ ಮಾಡುತ್ತದೆ. ‘ರಾತ್ರಿ ಹನ್ನೆರಡರ ಮೇಲೆ ಟ್ರೈ ಮಾಡಿ, ಫ್ರೀ ಇರುತ್ತೆ’ ಅನ್ನೋದು ಅದರ ಮೊದಲ ಪಾಠ. ಎರಡನೆಯದು ಫೋಟೋ.

ಫೋಟೋದ ಕತೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಅರ್ಜಿ ಪುಟದಲ್ಲಿ ಮೊದಲು ‘5 ಎಂಬಿವರೆಗೆ ಫೋಟೋ ಹಾಕಬಹುದು’ ಅಂತಿತ್ತು. ಆ್ಯಪ್ ಬರೆದವರು ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದರು. ಆದರೆ ಎಂಜಿನ್‌ಎಕ್ಸ್ ತನ್ನ ಪಾಡಿಗೆ ಬಿಟ್ಟರೆ 1 ಎಂಬಿಗಿಂತ ದೊಡ್ಡದನ್ನು ಒಳಗೆ ಬಿಡಲ್ಲ. ಅದನ್ನು ದಾಟಿದರೂ ಪಿಎಚ್‌ಪಿ 2 ಎಂಬಿಗೆ ತಡೆಯುತ್ತದೆ. ಮೊಬೈಲ್‌ನಲ್ಲಿ ತೆಗೆದ ಫೋಟೋ 3 ಎಂಬಿ. ‘413’ ಅಂತ ಬಂತು, ಕಳಿಸಿದ್ದು ತೀರಾ ದೊಡ್ಡದು ಅಂತ ಅರ್ಥ. ದೂರುಗಳು ಬಂದವು. ಎರಡು ಫೈಲ್‌ನಲ್ಲಿ ಒಂದೊಂದು ಸಾಲು ತಿದ್ದಿದ್ದರೆ ಮುಗಿಯುತ್ತಿತ್ತು. ಇಲಾಖೆ ಸಭೆ ಸೇರಿಸಿ, ಚರ್ಚಿಸಿ, ಅರ್ಜಿ ಪುಟದ ಸೂಚನೆಯನ್ನೇ ತಿದ್ದಿತು: ಫೋಟೋ 50 ಕೆಬಿ ಒಳಗೆ, ಸಹಿ 20 ಕೆಬಿ ಒಳಗೆ. ಯಾವುದಕ್ಕೂ ಇರಲಿ ಅಂತ ಅಷ್ಟು ಇಳಿಸಿದ್ದಂತೆ.

ಅಲ್ಲಿಂದ ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಗೆ ಶುಕ್ರದೆಸೆ. ಹೊರಗೆ ಬೋರ್ಡ್: ‘ಇಲ್ಲಿ ಫೋಟೋ ಕೆಬಿ ಕಡಿಮೆ ಮಾಡಿಕೊಡಲಾಗುವುದು’. ಒಳಗೆ ಒಬ್ಬ ಹುಡುಗ, ಮುಂದೆ ಸಾಲು.

“ಅಜ್ಜಿ, ನಿಮ್ದು ಮೂರು ಎಂಬಿ ಇದೆ.”

“ಜಾಸ್ತಿ ಆಯ್ತೇನಪ್ಪಾ?”

“ಹೂಂ ಅಜ್ಜಿ. ಐವತ್ತಕ್ಕೆ ಇಳಿಸ್ಬೇಕು.”

“ಇಳಿಸಪ್ಪ, ನಂಗೇನು ಅಷ್ಟೆಲ್ಲ ಬೇಕಾಗಿಲ್ಲ.”

ಹುಡುಗ ಇಳಿಸುತ್ತಾನೆ. 48 ಕೆಬಿ. ಅಜ್ಜಿಯ ಮುಖ ಚೌಕ ಚೌಕವಾಗಿ ಒಡೆಯುತ್ತದೆ. ಇಪ್ಪತ್ತು ರೂಪಾಯಿ. ಹದಿನೈದು ದಿನದ ಮೇಲೆ ಮೆಸೇಜ್ ಬರುತ್ತದೆ: ಭಾವಚಿತ್ರ ಸ್ಪಷ್ಟವಾಗಿಲ್ಲದ ಕಾರಣ ಅರ್ಜಿ ತಿರಸ್ಕರಿಸಲಾಗಿದೆ. ಅಜ್ಜಿ ಮತ್ತೆ ಅಂಗಡಿಗೆ ಬರುತ್ತಾರೆ. ಹುಡುಗ 49.5 ಕೆಬಿ ಮಾಡಿಕೊಡುತ್ತಾನೆ. ಆ ಅಂಗಡಿಯವನ ಕೈಚಳಕವನ್ನು ನಾನು ಮೆಚ್ಚುತ್ತೇನೆ. ಈ ಇಡೀ ವ್ಯವಸ್ಥೆಯಲ್ಲಿ ಮಿತಿ ಎಷ್ಟು, ಎಲ್ಲಿ ನಿಲ್ಲುತ್ತದೆ ಅಂತ ನಿಖರವಾಗಿ ಗೊತ್ತಿರೋದು ಅವನೊಬ್ಬನಿಗೆ.

ಅರ್ಜಿ ಸೇರಿತು ಅಂತಿಟ್ಟುಕೊಳ್ಳಿ. ಬೆಳಿಗ್ಗೆ ಹತ್ತು ಗಂಟೆಗೆ ಹಾಕಿದ್ದಕ್ಕೆ ಸ್ವೀಕೃತಿಯಲ್ಲಿ ಸಮಯ 04:30. ಸರ್ವರ್‌ಗೆ ನಾವು ಭಾರತದಲ್ಲಿದ್ದೇವೆ ಅಂತ ಯಾರೂ ಹೇಳಿಲ್ಲ. ಅದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣಿತ ಸಮಯ, ಹಿಡಿದುಕೊಂಡು ಐದೂವರೆ ಗಂಟೆ ಹಿಂದೆ ಬದುಕುತ್ತಿದೆ. ಏಷ್ಯಾ/ಕೋಲ್ಕತಾ ಅಂತ ಒಂದು ಕಮಾಂಡ್ ಕೊಟ್ಟರೆ ಸಾಕು. ಕೊಡುವವರಿಲ್ಲ. ವಿಷಯ ನಿರ್ವಾಹಕರು ಕನ್ನಡಕ ಮೇಲೆತ್ತಿ ಕೇಳುತ್ತಾರೆ: “ಬೆಳಗಿನ ಜಾವ ನಾಲ್ಕೂವರೆಗೆ ಸೇವಾ ಕೇಂದ್ರ ತೆಗೆದಿತ್ತೇನ್ರೀ?” ನೀವು ಏನು ಉತ್ತರ ಕೊಟ್ಟರೂ ಅನುಮಾನವೇ.

ಇನ್ನು ಹೆಸರು. ಅರ್ಜಿಯನ್ನು ಕನ್ನಡದಲ್ಲಿ ತುಂಬಿ ಅಂತ ಸೂಚನೆ ಇರುತ್ತದೆ. ಭಾಷಾಭಿಮಾನದ ಮಾತು, ಒಪ್ಪೋಣ. ಆದರೆ ಹಳೆಯ ಮೈಎಸ್‌ಕ್ಯುಎಲ್‌ಗೆ ಹೇಳದೇ ಬಿಟ್ಟರೆ ಅದು ಲ್ಯಾಟಿನ್ ಅಕ್ಷರಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. 2018ರಲ್ಲಿ ಬಂದ 8.0 ಆವೃತ್ತಿಯಿಂದ, ಕನ್ನಡವೂ ಹಿಡಿಸುವ ಯುನಿಕೋಡ್ ತಾನಾಗಿ ಬರುತ್ತದೆ, ಅದಕ್ಕಿಂತ ಹಿಂದಿನದರಲ್ಲಿ ಕೇಳಿ ಪಡೆಯಬೇಕು. ಕೇಳದಿದ್ದರೆ ಪ್ರಮಾಣಪತ್ರ ಹೀಗೆ ಅಚ್ಚಾಗುತ್ತದೆ: ‘ಹೆಸರು: ????? ತಂದೆಯ ಹೆಸರು: ????????’. ತಂದೆ ಯಾರು ಅಂತ ಸರ್ಕಾರವೇ ಎಂಟು ಸಲ ಪ್ರಶ್ನೆ ಹಾಕಿದ ಮೇಲೆ ಮಗ ಛಾಪಾ ಕಾಗದ ಕೊಂಡು, ನೋಟರಿ ಮಾಡಿಸಿ, ತನ್ನ ಅಪ್ಪ ಪ್ರಶ್ನಾರ್ಥಕ ಚಿಹ್ನೆ ಅಲ್ಲ ಅಂತ ಅಫಿಡವಿಟ್ ಕೊಡಬೇಕು.

ಕೆಲವು ವಿಷಯದಲ್ಲಿ ಮಾತ್ರ ಇಲಾಖೆ ಬಹಳ ಧಾರಾಳಿ. ಆ್ಯಪ್‌ನ ಡೀಬಗ್ ಮೋಡ್ ಆಫ್ ಮಾಡದೇ ಬಿಟ್ಟಿರುತ್ತಾರೆ. ಅದು ಬರೆಯುವವರು ತಮ್ಮ ಕೋಣೆಯಲ್ಲಿ ತಪ್ಪು ಹುಡುಕಲು ಇಟ್ಟುಕೊಳ್ಳುವ ಸೌಕರ್ಯ. ಆನ್ ಇದ್ದರೆ, ನೀವು ಪಿನ್‌ಕೋಡ್ ಜಾಗದಲ್ಲಿ ಒಂದು ಅಕ್ಷರ ತಪ್ಪು ಹಾಕಿದ್ದಕ್ಕೂ ಒಳಗಿನ ಕೋಡ್, ಫೈಲ್ ಇರುವ ಜಾಗ, ಗ್ರಹಚಾರ ಕೆಟ್ಟರೆ ಡೇಟಾಬೇಸ್‌ನ ಪಾಸ್‌ವರ್ಡ್ ಸಮೇತ ಪರದೆಗೆ ಬಂದು ಬೀಳುತ್ತದೆ. ಅದೇ ಇಲಾಖೆಗೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ ಒಂದು ನಡಾವಳಿ ಕೇಳಿ ನೋಡಿ. 30 ದಿನ ಕಾಯಬೇಕು, ಆಮೇಲೂ ‘ಕಡತ ಲಭ್ಯವಿಲ್ಲ’. ಪಾರದರ್ಶಕತೆ ಬೇಕೆಂದರೆ ಪಿನ್‌ಕೋಡ್ ತಪ್ಪು ಹಾಕುವುದೇ ಮೇಲು.

777 ಅಂತ ಇನ್ನೊಂದಿದೆ. ‘ಪರ್ಮಿಶನ್ ಡಿನೈಡ್’ ಅಂತ ಬಂದ ಕೂಡಲೇ ಸುಸ್ತಾದ ಎಂಜಿನಿಯರ್ ಹಾಕುವ ಮಂತ್ರ. ಹಾಕಿದರೆ ಆ ಫೋಲ್ಡರ್ ಅನ್ನು ಆ ಯಂತ್ರದಲ್ಲಿ ಯಾರು ಬೇಕಾದರೂ ಓದಬಹುದು, ಬರೆಯಬಹುದು, ನಡೆಸಬಹುದು. ನಮ್ಮ ಕಚೇರಿಗಳಲ್ಲಿ ಅಷ್ಟು ಸಮಾನತೆ ಇರೋದು ಅಲ್ಲೊಂದೇ ಕಡೆ.

ಮತ್ತೆ, ಸೈಟ್ ಅಸಲಿ ಅಂತ ಬ್ರೌಸರ್‌ಗೆ ತೋರಿಸುವ ಸರ್ಟಿಫಿಕೇಟ್. ಅದರ ಅವಧಿ ಮುಗಿದರೆ ಬ್ರೌಸರ್ ಕೆಂಪು ಎಚ್ಚರಿಕೆ ತೋರಿಸುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್‌ನವರು ಪುಕ್ಕಟೆ ಕೊಡುವುದು 90 ದಿನದ್ದು. ಸರಿಯಾಗಿ ಕೂರಿಸಿದರೆ ತಾನೇ ನವೀಕರಣ ಆಗುತ್ತದೆ. ದುಡ್ಡು ಕೊಟ್ಟು ತಂದಿದ್ದಾದರೂ 2029ರ ಮಾರ್ಚ್‌ನಿಂದ 47 ದಿನಕ್ಕಿಂತ ಹೆಚ್ಚು ಬಾಳಲ್ಲ, ನಿಯಮ ಆಗಿದೆ. 47 ದಿನ! ಟಿಪ್ಪಣಿ ಹಾಳೆ ವಿಷಯ ನಿರ್ವಾಹಕರ ಮೇಜಿನಿಂದ ಅಧೀಕ್ಷಕರ ಮೇಜಿಗೆ ಹೋಗುವಷ್ಟರಲ್ಲಿ ಎರಡು ಸರ್ಟಿಫಿಕೇಟ್ ಸತ್ತಿರುತ್ತವೆ. ಅಲ್ಲಿಯವರೆಗೆ ಜೆರಾಕ್ಸ್ ಅಂಗಡಿ ಹುಡುಗನೇ ಗತಿ. “ಕೆಂಪಗೆ ಬಂದ್ರೆ ಹೆದರಬೇಡಿ ಅಣ್ಣಾ, ಅಡ್ವಾನ್ಸ್ಡ್ ಒತ್ತಿ, ಪ್ರೊಸೀಡ್ ಒತ್ತಿ.” ಗೋಡೆಯ ಮೇಲೆ ಸೈಬರ್ ಜಾಗೃತಿಯ ಪೋಸ್ಟರ್ ಇದೆ, ಗುರುತಿಲ್ಲದ್ದನ್ನು ಒತ್ತಬೇಡಿ ಅಂತ.

ಕೊನೆಗೆ ದೂರು ಜಾಸ್ತಿಯಾಗಿ ಉನ್ನತ ಮಟ್ಟದ ಸಭೆ ಕರೆದರು. ಸರ್ವರ್ ಸಾಮರ್ಥ್ಯ ಸಾಲದು ಅಂತ ತೀರ್ಮಾನ. 64 ಕೋರ್, 256 ಜಿಬಿ ಮೆಮೊರಿಯ ಹೊಸ ಯಂತ್ರ ಬಂತು. ಪೂಜೆ ಮಾಡಿ, ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು ಆನ್ ಮಾಡಿದರು. ಹಳೆಯ ಕಾನ್ಫಿಗರೇಶನ್ ಫೈಲ್‌ಗಳನ್ನು ಬಹಳ ಜೋಪಾನವಾಗಿ, ಒಂದಕ್ಷರವೂ ಹೆಚ್ಚು ಕಡಿಮೆಯಾಗದಂತೆ ಕಾಪಿ ಮಾಡಿದರು. 64 ಕೋರಿನ ಮೇಲೆ ಈಗ ಐವರು ಕೆಲಸ ಮಾಡುತ್ತಿದ್ದಾರೆ.

ಆಗಲೂ ಡೌನ್ ಆಯಿತು. ಈ ಸಲ ಇಲಾಖೆ ಸುತ್ತೋಲೆ ಹೊರಡಿಸಿತು. ಸೋಮವಾರ ಬೆಂಗಳೂರು ವಿಭಾಗದವರು, ಮಂಗಳವಾರ ಮೈಸೂರು, ಬುಧವಾರ ಬೆಳಗಾವಿ, ಗುರುವಾರ ಕಲಬುರಗಿ. ಶುಕ್ರವಾರ, ಶನಿವಾರ ಅಂಗವಿಕಲರು ಮತ್ತು ಹಿರಿಯ ನಾಗರಿಕರು. ಭಾನುವಾರ ಸರ್ವರ್‌ಗೆ ರಜೆ. ಸಹಿ, ಮೊಹರು ಹಾಕಿ ಸ್ಕ್ಯಾನ್ ಮಾಡಿದರು. ಸೈಟ್‌ಗೆ ಹಾಕಲು ಹೋದರೆ 413. ಸುತ್ತೋಲೆ 4 ಎಂಬಿ ಇತ್ತು. ಅಟೆಂಡರ್ ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ರಸ್ತೆ ದಾಟಿ ಜೆರಾಕ್ಸ್ ಅಂಗಡಿಗೆ ಬಂದರು.

“ಆಫೀಸಿಂದು ಕಣಪ್ಪಾ, ಬೇಗ ಮಾಡ್ಕೊಡು.”

“ಲೈನ್‌ನಲ್ಲಿ ಬನ್ನಿ ಸಾರ್,” ಅಂದ ಹುಡುಗ. “ಆಫೀಸಿಂದಾದ್ರೂ ಇಪ್ಪತ್ತು ರೂಪಾಯಿನೇ.”