ಆ ದನಿ ನನ್ನದು, ಆ ಹಾಡು ನಾನು ಹಾಡಿದ್ದಲ್ಲ

ಇವತ್ತು ಬೆಳಿಗ್ಗೆ ಹಾಲಿನ ಬೂತ್ ಹತ್ತಿರ ನಿಂತಿದ್ದೆ. ಎದುರಿನ ದೇವಸ್ಥಾನದ ಮೈಕಿನಲ್ಲಿ ಯಾವುದೋ ಹೊಸ ಭಕ್ತಿಗೀತೆ ಬರ್ತಿತ್ತು. ಎರಡನೇ ಸಾಲಿಗೆ ಬರೋ ಹೊತ್ತಿಗೆ ಚಿಲ್ಲರೆ ಎಣಿಸ್ತಿದ್ದ ಕೈ ನಿಂತುಹೋಯ್ತು. ಹಾಡ್ತಿರೋದು ನಾನು.

ಆ ಹಾಡನ್ನ ನಾನು ಯಾವತ್ತೂ ಹಾಡಿಲ್ಲ.

ಟಾನ್ಸಿಲ್ ಆಪರೇಷನ್ ಆದಮೇಲೆ ಪಂಚಮದಿಂದ ಕೆಳಗಿಳಿಯುವಾಗ ನನ್ನ ದನಿ ಕೂದಲೆಳೆಯಷ್ಟು ಒಡೆಯುತ್ತೆ. ನಮ್ಮ ಮೇಷ್ಟ್ರು, "ಅದನ್ನ ಮುಚ್ಚಿಡಬೇಡಮ್ಮ, ಅದು ನಿನ್ನ ಗುರುತು" ಅಂದಿದ್ರು. ಆ ಒಡಕು ಹಾಗ್‌ಹಾಗೇ ಅಲ್ಲಿತ್ತು. ಆದರೆ "ಬೆಳಕು" ಅನ್ನೋ ಕಡೆ "ಬೆಲಕು" ಅಂತ ಬಂತು. ಅದೇ ಮೇಷ್ಟ್ರ ಮುಂದೆ ನಾನು ಹಾಗೆ ಹಾಡಿದ್ದರೆ ತಂಬೂರಿ ಕೆಳಗಿಟ್ಟು ಎದ್ದು ಹೋಗ್ತಿದ್ರು. ನನ್ನ ಗಂಟಲು, ನನ್ನದಲ್ಲದ ನಾಲಿಗೆ. ಹಾಲು ತಗೊಳ್ಳೋದು ಮರೆತು ಮನೆಗೆ ಬಂದೆ.

ನಾನು ಟ್ರ್ಯಾಕ್ ಹಾಡ್ತಿದ್ದದ್ದು ನಿಮಗೆಲ್ಲ ಗೊತ್ತು. ಹದಿನೆಂಟು ವರ್ಷ. ನಾವು ಮೊದಲು ಹಾಡಿಡ್ತೀವಿ, ದೊಡ್ಡವರು ಅದನ್ನ ಕೇಳಿಕೊಂಡು ಹಾಡ್ತಾರೆ, ನಮ್ಮದನ್ನ ಅಳಿಸ್ತಾರೆ. ಹೆಸರು ಬರಲ್ಲ. ಅದು ಒಪ್ಪಿಕೊಂಡು ಮಾಡಿದ ಕೆಲಸ, ಅದರ ಬಗ್ಗೆ ಒಂದು ದಿನವೂ ದೂರಿಲ್ಲ. ಎರಡು ವರ್ಷದ ಹಿಂದೆ ಒಂದು ಸ್ಟುಡಿಯೋದಿಂದ ಫೋನ್ ಬಂತು. "ಮೇಡಂ, ಹೊಸ ಮೈಕ್ ಬಂದಿದೆ, ಟೆಸ್ಟಿಂಗಿಗೆ ಎರಡು ಗಂಟೆ ಡ್ರೈ ವೋಕಲ್ ಬೇಕು." ಹೋದೆ. ವಾದ್ಯ ಇಲ್ಲ, ರೀವರ್ಬ್ ಇಲ್ಲ, ಬರೀ ದನಿ. ವರ್ಣ, ದೇವರನಾಮ, ಭಾವಗೀತೆ, ಕೊನೆಗೆ ಸುಮ್ಮನೆ ಆಕಾರ. ಎರಡು ಸಾವಿರ ರೂಪಾಯಿ ಕೈಯಲ್ಲಿಟ್ಟರು. ಕಾಗದ ಇಲ್ಲ, ಸಹಿ ಇಲ್ಲ. ಆಟೋದಲ್ಲಿ ಖುಷಿಯಾಗೇ ಮನೆಗೆ ಬಂದಿದ್ದೆ. ಅದನ್ನ ನೆನೆಸಿಕೊಂಡ್ರೆ ಈಗ ಹೊಟ್ಟೆ ಉರಿಯುತ್ತೆ.

ಆ ದನಿಯನ್ನೇ ಎಐಗೆ ಕಲಿಸಿ ಈ ಹಾಡು ಹಾಡಿಸಿರಬೇಕು ಅಂತ ಮಗಳಿಗೆ ಹೇಳಿದೆ. ಅವಳು ಜಪಾನಿನ ಕಂಪ್ಯೂಟರ್ ಗಾಯಕಿ ಹತ್ಸುನೆ ಮಿಕು ಹುಚ್ಚಿ, ಅವಳ ಕೋಣೆಯ ಬಾಗಿಲ ಮೇಲೆ ಎರಡು ಉದ್ದ ನೀಲಿ ಹಸಿರು ಜಡೆಯ ಆ ಹುಡುಗಿಯ ಚಿತ್ರವೇ ಇದೆ. "ಅಮ್ಮಾ, ಮಿಕು ದನಿಯೂ ಹೀಗೇ ಅಲ್ವಾ? ಯಾರದೋ ದನಿ ತಗೊಂಡು ಕಂಪ್ಯೂಟರಲ್ಲಿ ಹಾಡಿಸೋದು?" ಅಂದಳು.

ಹೀಗೇ ಅಲ್ಲ ಮಗಳೇ. ಮಧ್ಯಾಹ್ನದಿಂದ ಅದನ್ನೇ ಹೇಳ್ತಾ ಇದೀನಿ, ಇಲ್ಲೂ ಹೇಳ್ತೀನಿ.

ಜಪಾನಿನ ಹೊಕ್ಕೈಡೊ ದ್ವೀಪದ ಸಪ್ಪೊರೊ ಊರಲ್ಲಿ 1995ರಲ್ಲಿ ಹಿರೊಯುಕಿ ಇತೊ ಶುರು ಮಾಡಿದ ಕಂಪನಿ ಕ್ರಿಪ್ಟಾನ್ ಫ್ಯೂಚರ್ ಮೀಡಿಯಾ. ಮೊದಲು ಅವರು ಮಾರ್ತಿದ್ದದ್ದು ಬರೀ ಸದ್ದು. ಸಂಗೀತ ಮಾಡೋರಿಗೆ ಬೇಕಾದ ವಾದ್ಯಗಳ ನಾದ, ಸಿನಿಮಾ, ವಿಡಿಯೋ ಗೇಮ್‌ಗಳಿಗೆ ಬೇಕಾದ ಸೌಂಡ್ ಎಫೆಕ್ಟ್. ಆಮೇಲೆ ಯಮಾಹಾದವರ ವೋಕಲಾಯ್ಡ್ ಅನ್ನೋ ಸಾಫ್ಟ್‌ವೇರ್ ಇಟ್ಕೊಂಡು 2004ರಲ್ಲಿ ಮೆಯಿಕೊ, 2006ರಲ್ಲಿ ಕಾಯಿತೊ, 2007ರ ಆಗಸ್ಟ್ 31ಕ್ಕೆ ಮಿಕು ಅನ್ನೋ ಹಾಡೋ ದನಿಗಳನ್ನ ಹೊರತಂದರು. ರಾಗ ಕೂರಿಸಿ ಸಾಹಿತ್ಯ ಟೈಪ್ ಮಾಡಿದರೆ ಅವಳು ಹಾಡ್ತಾಳೆ.

ಆ ದನಿ ಸಾಕಿ ಫುಜಿತಾ ಅನ್ನೋ ಧ್ವನಿ ಕಲಾವಿದೆಯದ್ದು. ಅದನ್ನ ಯಾರೂ ಗುಟ್ಟಾಗಿಟ್ಟಿಲ್ಲ, ಕಂಪನಿಯೇ ಹೇಳುತ್ತೆ. ಆಕೆಯನ್ನ ಸ್ಟುಡಿಯೋಗೆ ಕರೆದು, ಇದು ಇದಕ್ಕೇ ಅಂತ ಹೇಳಿ, ಅಕ್ಷರಕ್ಕೆ ಅಕ್ಷರ ಸೇರೋ ಜಾಗಗಳನ್ನೆಲ್ಲ ಒಂದೇ ಶ್ರುತಿ ಹಿಡಿದು ಹೇಳಿಸಿ ರೆಕಾರ್ಡ್ ಮಾಡಿದರು. ಜಪಾನಿ ಭಾಷೆಗೆ ಒಂದೊಂದು ಶ್ರುತಿಗೂ ಇಂಥ 500ರಷ್ಟು ತುಣುಕು ಬೇಕಂತೆ, ಇಂಗ್ಲಿಷಿಗೆ 2,500ರಷ್ಟು. ಆ ಕೆಲಸದ ಬೇಸರ ಎಂಥದ್ದು ಅಂತ ರೆಕಾರ್ಡಿಂಗ್ ಬೂತಲ್ಲಿ ನಿಂತವಳಿಗೆ ಗೊತ್ತು. ನಾಲ್ಕನೇ ಗಂಟೆಗೆ ಸ್ವಂತ ಹೆಸರೂ ಅರ್ಥ ಇಲ್ಲದ ಸದ್ದಾಗಿ ಕೇಳಿಸುತ್ತೆ.

ನನ್ನ ಮನಸ್ಸಿಗೆ ನಾಟಿದ್ದು ಇದರ ಮುಂದಿನದು. 2010ರಲ್ಲಿ ಮಿಕುಗೆ ಬೇರೆ ಬೇರೆ ಭಾವ ಬೇಕು ಅನ್ನಿಸಿದಾಗ, ಮೆತ್ತಗಿನದು, ಕತ್ತಲೆಯದು, ಗಟ್ಟಿಯದು ಅಂತ ಆರು ಬಗೆ ಮಾಡಿದರು. ಅದಕ್ಕೂ ಆಕೆಯದೇ ದನಿ, ಹೊಸದಾಗಿ ಹಾಡಿಸಿದ್ದು. 2013ರಲ್ಲಿ ಇಂಗ್ಲಿಷ್ ಮಿಕು ಬಂದಾಗಲೂ ಅಷ್ಟೇ. ಅಂದ್ರೆ ಪ್ರತಿ ಸಲ ಕರೆದಿದ್ದಾರೆ. ಪ್ರತಿ ಸಲ ಆಕೆ ಬಾಗಿಲು ತೆಗೆದು ಒಳಗೆ ಹೋಗಿ, ಹೆಡ್‌ಫೋನ್ ಹಾಕಿಕೊಂಡು, ಉಸಿರು ತಗೊಂಡಿದ್ದಾಳೆ. ನನ್ನನ್ನ ಕರೆದದ್ದು ಒಂದು ಸಲ, ಅದೂ ಸುಳ್ಳು ಹೇಳಿ.

ಹಳೇ ಕೀಬೋರ್ಡ್ ಮಿತ್ರರೊಬ್ಬರು ಸಂಜೆ ಫೋನ್ ಮಾಡಿ, "ಅಕ್ಕ, ನಾವು ಬಂದಾಗ ವಯಲಿನ್‌ನೋರೂ ಹೀಗೇ ಅತ್ತಿದ್ರು, ಕಾಲ ನಿಲ್ಲಲ್ಲ" ಅಂದರು. ಅವರ ಮೇಲೆ ನನಗೆ ಪ್ರೀತಿಯಿದೆ, ಆದರೆ ಈ ಮಾತು ಒಪ್ಪಲ್ಲ. ಕೀಬೋರ್ಡಿನ ವಯಲಿನ್ ನಾದಕ್ಕೂ ಎಲ್ಲೋ ಒಬ್ಬರು ದುಡ್ಡು ತಗೊಂಡು, ಯಾಕೆ ಅಂತ ತಿಳಿದು, ಕಮಾನು ಎಳೆದಿರ್ತಾರೆ. ಸದ್ದಿನ ಲೈಬ್ರರಿ ಅನ್ನೋ ವ್ಯಾಪಾರ ನಿಂತಿರೋದೇ ಅದರ ಮೇಲೆ. ವೋಕಲಾಯ್ಡ್ ಶುರುವಾದಾಗಲೂ ಎಷ್ಟೋ ಗಾಯಕರು, ನಮ್ಮದೇ ನಕಲು ಹುಟ್ಟುತ್ತೆ ಅಂತ ಹೆದರಿ ದನಿ ಕೊಡೋಕೆ ಒಪ್ಪಲಿಲ್ಲ. ಒಪ್ಪದೋರನ್ನ ಬಿಟ್ಟು ಒಪ್ಪಿದೋರನ್ನ ಹುಡುಕಿದರು. ನನಗೆ "ಇಲ್ಲ" ಅನ್ನೋ ಅವಕಾಶವೇ ಸಿಗಲಿಲ್ಲ. ನಾನು ಕಾಲವನ್ನ ನಿಲ್ಲು ಅಂತಿಲ್ಲ, ನನ್ನನ್ನ ಕೇಳಿ ಅಂತಿದೀನಿ.

ಕೋರ್ಟಿಗೆ ಹೋಗು ಅಂತಾರೆ ಇನ್ನೊಬ್ಬರು. 2024ರ ಜುಲೈನಲ್ಲಿ ಬಾಂಬೆ ಹೈಕೋರ್ಟು, ಅರಿಜಿತ್ ಸಿಂಗ್ ಅವರ ದನಿಯನ್ನ ಅನುಮತಿ ಇಲ್ಲದೆ ಎಐನಲ್ಲಿ ನಕಲು ಮಾಡೋ ಹಾಗಿಲ್ಲ ಅಂತ ಮಧ್ಯಂತರ ಆದೇಶ ಕೊಟ್ಟಿದೆ. ಸಂತೋಷ. ಅವರ ದನಿ ಕೇಳಿದ ತಕ್ಷಣ ದೇಶಕ್ಕೇ ಗೊತ್ತಾಗುತ್ತೆ. ನನ್ನ ದನಿ ನನ್ನದು ಅಂತ ಸಾಬೀತು ಮಾಡೋಕೆ ನಾನು ಹಾಡಿದ್ದನ್ನೆಲ್ಲ ಅಳಿಸಿದಾರಲ್ಲ, ಏನು ಹಿಡ್ಕೊಂಡು ಹೋಗಲಿ?

ವೋಕಲಾಯ್ಡ್ ದನಿಗಳು ಜಪಾನಿ, ಇಂಗ್ಲಿಷ್, ಕೊರಿಯನ್, ಚೀನೀ, ಸ್ಪ್ಯಾನಿಷ್, ಕತಲಾನ್ ಭಾಷೆಗಳಲ್ಲೇ ಇವೆ. ಕನ್ನಡಕ್ಕೂ ಅಂಥದ್ದೊಂದು ಬರಲಿ ಅನ್ನೋ ಆಸೆ ನನಗೆ ನಿಜವಾಗ್ಲೂ ಇದೆ. ಹಳ್ಳಿಯಲ್ಲಿ ಕೂತು ರಾಗ ಹಾಕೋ ಹುಡುಗನಿಗೆ ಹಾಡೋರು ಸಿಗಲ್ಲ, ಸ್ಟುಡಿಯೋಗೆ ದುಡ್ಡಿರಲ್ಲ. ಅವನ ಹಾಡು ಒಂದು ಒಳ್ಳೆ ದನಿಯಲ್ಲಿ ಹೊರಗೆ ಬರಲಿ. ಅಲ್ಪಪ್ರಾಣ, ಮಹಾಪ್ರಾಣ, ಒತ್ತಕ್ಷರ, ಣ, ಳ ಎಲ್ಲ ಸರಿಯಾಗಿ ಹೇಳಿಸೋಕೆ ತಿಂಗಳುಗಟ್ಟಲೆ ಬೇಕಾದರೆ ಬೇಕಾಗಲಿ, ನಾನೇ ಬರ್ತೀನಿ. ಬೆಳಿಗ್ಗೆ ಹತ್ತಕ್ಕೆ ಬೂತಲ್ಲಿ ಇರ್ತೀನಿ, ಕುಡಿಯೋಕೆ ಬಿಸಿನೀರೂ ಮನೆಯಿಂದಲೇ ತರ್ತೀನಿ. ಒಂದು ಕಾಗದ ತಂದು, ನನ್ನ ಹೆಸರು ಬರೆದು, ಇದು ಯಾತಕ್ಕೆ ಅಂತ ಓದಿ ಹೇಳಿ.

ಆ ಸ್ಟುಡಿಯೋದವರಿಗೆ ಬೆಳಿಗ್ಗೆಯೇ ಮೆಸೇಜ್ ಹಾಕಿದೆ. ಎರಡು ನೀಲಿ ಗೀಟು ಬಿದ್ದು ಒಂಬತ್ತು ಗಂಟೆ ಆಯ್ತು. ಈಗ ಸಂಜೆಯ ಪೂಜೆ ಶುರುವಾಗಿದೆ, ಮೈಕಿನಲ್ಲಿ ಮತ್ತೆ "ಬೆಲಕು" ಅಂತಿದೆ.